ಅಟ್ಟದಿಂದ ಇಳಿದ ಪ್ಯಾಡುಗಳು

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟಕ್ಕೆ ತೋಟವೇ ಮಲ್ಲಿಗೆ ಮುಡಿದಂತೆ ಬೆಳ್ಳಗಾದ ಮೇಲೆ ಮನೆಮನೆಯ ಅಟ್ಟದಲ್ಲಿ ಸದ್ದು ಶುರುವಾಗುತ್ತದೆ. ಇಲಿಯ ಸದ್ದಲ್ಲ, ಹಾಕಿ ಕೋಲು ಹುಡುಕುವ ಸದ್ದು. ಕೋವಿ, ಒಡಿಕತ್ತಿಗಳ ಜೊತೆಗೆ ಒಂದಾದರೂ ಹಾಕಿ ಕೋಲು ಇಲ್ಲದ ಕೊಡವ ಮನೆ ಸಿಗುವುದು ಅಪರೂಪ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಮೂಲೆ ಸೇರಿದ್ದ ಆ ಕೋಲುಗಳಿಗೆ ಮಾರ್ಚ್ ತಿಂಗಳು ಬಂತೆಂದರೆ ಮತ್ತೆ ಮರ್ಯಾದೆ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವ ಆರಂಭಿಸಿದಾಗ ಆಡಲು ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ ಬಂದ ತಂಡಗಳು 360. ಆ ಸಂಖ್ಯೆ ಗಿನ್ನೆಸ್ ದಾಖಲೆಗೂ ಸೇರಿತು. ಇಲ್ಲಿ ಆಯ್ಕೆ ಸಮಿತಿಯಿಲ್ಲ, ಶಿಫಾರಸು ಇಲ್ಲ. ಮನೆ ಹೆಸರೇ ಅರ್ಹತೆ. ಮಾವನ ಪಕ್ಕದಲ್ಲಿ ಸೊಸೆ, ಅಜ್ಜನ ಹಿಂದೆ ಮೊಮ್ಮಗ ನಿಂತು ಆಡುವ ಪಂದ್ಯಾವಳಿ ಬೇರೆಲ್ಲಿ ನೋಡಲು ಸಿಕ್ಕೀತು? ಗೆಲ್ಲುವವರು ಒಬ್ಬರೇ. ಆದರೆ ‘ಈ ವರ್ಷ ನಿಮ್ಮ ಮನೆಯವರು ಆಡಲಿಲ್ಲವಂತೆ’ ಎಂಬ ಮಾತು ಕೇಳಿಸಿಕೊಳ್ಳಲು ಯಾವ ಮನೆಯೂ ತಯಾರಿಲ್ಲ.

ಮಾದಾಪುರದ ಬಳಿಯ ಒಂದು ಮನೆಗೆ ಆ ಮಾತು ಕೇಳುವ ಕಾಲ ಹತ್ತಿರ ಬಂದಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆಯ ರಸ್ತೆ ಕಡಿದುಹೋಗಿ, ತೋಟಗಳು ಮಣ್ಣಿನಡಿ ಸೇರಿದ್ದು ಆ ಭಾಗದವರು ಮರೆಯುವಂಥದ್ದಲ್ಲ. ಈ ಮನೆ ಉಳಿಯಿತು. ಆದರೆ ಕುಟುಂಬದ ಉಳಿದ ಮನೆಗಳವರು ಒಬ್ಬೊಬ್ಬರಾಗಿ ಕುಶಾಲನಗರ, ಮೈಸೂರು, ಬೆಂಗಳೂರು ಸೇರಿದರು. ತಂಡ ಕಟ್ಟಲು ಕೂತಾಗ ಪಟ್ಟಿಯಲ್ಲಿ ಹನ್ನೊಂದು ಹೆಸರು ಹೇಗೋ ಆಯಿತು. ಗೋಲಿನಲ್ಲಿ ನಿಲ್ಲಲು ಮಾತ್ರ ಯಾರೂ ಇಲ್ಲ. ಕೊನೆಗೆ ಆ ಮನೆಯ ಹದಿನೈದು ವರ್ಷದ ಹುಡುಗಿ ‘ನಾನು ನಿಲ್ಲುತ್ತೇನೆ’ ಎಂದಳು.

ಅವಳ ತಾತ ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಎಪ್ಪತ್ತರ ದಶಕದಲ್ಲಿ ತಮ್ಮ ರೆಜಿಮೆಂಟಿನ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು. ಮೊಮ್ಮಗಳ ಮಾತು ಕೇಳಿ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಅಂದೇ ಏಣಿ ಇಡಿಸಿ ಅಟ್ಟದಿಂದ ಗೋಣಿಚೀಲವೊಂದನ್ನು ಇಳಿಸಿದರು. ಅದರೊಳಗೆ ಎರಡು ಮರದ ಕೋಲು, ಒಂದು ಜೊತೆ ಪ್ಯಾಡು. ಬೆತ್ತದ ಕಡ್ಡಿಗಳನ್ನು ಸಾಲಾಗಿ ಜೋಡಿಸಿ, ನಡುವೆ ಹತ್ತಿ ತುಂಬಿ, ಮೇಲೆ ಕ್ಯಾನ್‌ವಾಸು ಹೊಲಿದು, ಹಿಂದೆ ಚರ್ಮದ ಪಟ್ಟಿ ಬಿಗಿದ ಹಳೆಯ ಕಾಲದ ಪ್ಯಾಡು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳ ಸಾಲಿನಲ್ಲಿ ಈ ಕೋಲುಗಳಿಗೂ ಗಂಧ ಹಚ್ಚುವ ಪದ್ಧತಿ ಆ ಮನೆಯಲ್ಲಿತ್ತು. ಹಾಗಾಗಿ ಕೋಲುಗಳು ಚೆನ್ನಾಗಿಯೇ ಇದ್ದವು. ಪ್ಯಾಡಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಬಿಸಿಲಿಗೆ ಹಾಕಿ ಕೊಡವಿದಾಗ ನಲವತ್ತು ಮಳೆಗಾಲದ ವಾಸನೆ ಅಂಗಳ ತುಂಬಿತು.

ಮರದ ಕೋಲಿಗೂ ಒಂದು ಚರಿತ್ರೆಯಿದೆ. ಹಿಪ್ಪುನೇರಳೆ ಮರ ಗಟ್ಟಿ, ಆದರೆ ಬಾಗಿಸಿದರೆ ಸೀಳದು. ಅದನ್ನು ಹಬೆಯಲ್ಲಿ ಮೆತ್ತಗೆ ಮಾಡಿ ತುದಿ ಬಗ್ಗಿಸುತ್ತಾರೆ. ಹಿಡಿಕೆಗೆ ಬೆತ್ತ, ಬೆತ್ತದ ನಡುವೆ ರಬ್ಬರಿನ ಪಟ್ಟಿ. ಚೆಂಡು ಬಡಿದಾಗ ಕೈಗೆ ಬರುವ ನಡುಕವನ್ನು ಅದು ನುಂಗಿಕೊಳ್ಳುತ್ತದೆ. ದೇಶ ವಿಭಜನೆಗೆ ಮೊದಲು ಈ ಕಸುಬಿನ ದೊಡ್ಡ ಕೇಂದ್ರ ಸಿಯಾಲ್‌ಕೋಟ್. 1947ರಲ್ಲಿ ಅಲ್ಲಿಂದ ಬಂದ ಕುಶಲಕರ್ಮಿಗಳು ಜಲಂಧರ್, ಮೇರಠ್‌ಗಳಲ್ಲಿ ನೆಲೆಯೂರಿದರು. ಮಾದಾಪುರದ ಅಟ್ಟದಲ್ಲಿದ್ದ ಕೋಲುಗಳೂ ಜಲಂಧರದವೇ.

ಹುಡುಗಿ ಅದೇ ಪ್ಯಾಡು ಕಟ್ಟಿ ಅಭ್ಯಾಸಕ್ಕಿಳಿದಳು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗನ ಕೈಯಲ್ಲಿ ಕಾರ್ಬನ್ ಕೋಲು. ಅವನು ಜೋರಾಗಿ ಹೊಡೆದದ್ದೂ ಅಲ್ಲ. ಚೆಂಡು ಬಂದು ಎಡಗಾಲಿನ ಪ್ಯಾಡಿಗೆ ಬಡಿದಾಗ ಒಳಗೆ ಬೆತ್ತ ಮುರಿದ ಸದ್ದು ಕೇಳಿಸಿತು. ಮೊಣಕಾಲಿನ ಕೆಳಗೆ ಕೋಳಿಮೊಟ್ಟೆಯಷ್ಟು ದಪ್ಪ ಊದಿತು. ಮೂಳೆಗೆ ಏನೂ ಆಗಿರಲಿಲ್ಲ ಎಂಬುದು ದೇವರ ದಯೆ.

ಅಂದು ರಾತ್ರಿ ಬಿಸಿನೀರಿನ ಬಟ್ಟೆ ಹಿಡಿದು ಕೂತಿದ್ದ ಹುಡುಗಿಯ ತಾಯಿ ಮಾವನ ಕಡೆ ತಿರುಗಿ, ದನಿ ಎತ್ತದೆ, ‘ಮಾವಾ, ನಾಳೆಯಿಂದ ಇವಳು ಹೋಗುವುದಿಲ್ಲ’ ಎಂದರು.

‘ನಾವು ಇದೇ ಪ್ಯಾಡು ಕಟ್ಟಿ ಹತ್ತು ವರ್ಷ ಆಡಲಿಲ್ಲವಾ?’ ಎಂದರು ಸುಬೇದಾರರು.

‘ಆಗ ಹೊಡೆಯುತ್ತಿದ್ದವರ ಕೈಯಲ್ಲಿ ಇಂಥ ಕೋಲು ಇತ್ತಾ?’

ಸುಬೇದಾರರಿಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ಅಷ್ಟು ಸರಿಯಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಹುಲ್ಲು ಬಿಟ್ಟು ಕೃತಕ ಹಾಸಿನ ಮೇಲೆ ನಡೆಯಿತು. ಆಟದ ವೇಗ ಏರಿತು. 1990ರ ದಶಕದಲ್ಲಿ ಮರದ ಬದಲು ಗಾಜಿನ ನಾರು, ಇಂಗಾಲದ ನಾರುಗಳನ್ನು ಅಂಟಿನಲ್ಲಿ ಅದ್ದಿ ಅಚ್ಚು ಹೊಯ್ದ ಕೋಲುಗಳು ಬಂದವು. ನಿಯಮ ಇವುಗಳಿಗೂ ಇದೆ. ಕೋಲು 737 ಗ್ರಾಂ ಮೀರಬಾರದು. 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕು. ಬಾಗು 25 ಮಿಲಿಮೀಟರಿಗಿಂತ ಹೆಚ್ಚಿರಬಾರದು. ಆದರೆ ಅಷ್ಟರೊಳಗೇ ಈ ಕೋಲು ಮರಕ್ಕಿಂತ ಬಿಗಿ. ಬಡಿದಾಗ ತಾನು ಬಳುಕಿ ಶಕ್ತಿ ಕಳೆದುಕೊಳ್ಳುವುದು ಕಡಿಮೆ. ಉಳಿದದ್ದೆಲ್ಲ ಚೆಂಡಿಗೆ.

ಲೆಕ್ಕ ಹಾಕಿ ನೋಡಿದರೆ ತಾಯಿಯ ಭಯ ಇನ್ನೂ ಸ್ಪಷ್ಟವಾಗುತ್ತದೆ. ಹಾಕಿ ಚೆಂಡಿನ ತೂಕ ಸುಮಾರು 160 ಗ್ರಾಂ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡಿನ ಚಲನಶಕ್ತಿ 50 ಜೌಲ್. ವೇಗ 108 ಕಿಲೋಮೀಟರಿಗೆ ಏರಿದರೆ ಅದೇ ಚೆಂಡಿನ ಶಕ್ತಿ 72 ಜೌಲ್. ವೇಗ ಹೆಚ್ಚಿದ್ದು ಐದನೇ ಒಂದು ಪಾಲು, ಪೆಟ್ಟು ಹೆಚ್ಚಿದ್ದು ಸುಮಾರು ಅರ್ಧದಷ್ಟು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬ ಪಾಠ ಹತ್ತನೇ ತರಗತಿಯೊಳಗೆ ಎಲ್ಲರೂ ಓದುವುದೇ. ಅದು ಕಾಲಿನ ಮೇಲೆ ಕೋಳಿಮೊಟ್ಟೆಯಾಗಿ ಮೂಡುವ ತನಕ ಯಾರಿಗೂ ನೆನಪಿರುವುದಿಲ್ಲ, ಅಷ್ಟೇ.

ಮರುದಿನ ಸುಬೇದಾರರು ಪ್ಯಾಡನ್ನು ಬಗಲಿಗೇರಿಸಿ ಮಾದಾಪುರ ಪೇಟೆಗೆ ನಡೆದರು. ಮೊದಲು ಹೋದದ್ದು ಚಪ್ಪಲಿ ಹೊಲಿಯುವವರ ಬಳಿಗೆ. ಆತ ಪ್ಯಾಡನ್ನು ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಒತ್ತಿದರು. ‘ಪಟ್ಟಿ ಹೊಸದು ಹಾಕಿಕೊಡಬಹುದು, ಬಕಲೂ ಇದೆ. ಆದರೆ ಒಳಗೆ ಬೆತ್ತ ಪುಡಿಯಾಗಿದೆ. ಹೊಲಿಗೆಗೆ ದುಡ್ಡು ಇಸಕೊಂಡರೆ ನಾಳೆ ನೀವೇ ನನ್ನನ್ನು ಬೈತೀರಿ’ ಎಂದರು. ಒಂದು ರೂಪಾಯಿಯ ವ್ಯಾಪಾರವೂ ಆಗಲಿಲ್ಲ. ಆದರೆ ಸುಬೇದಾರರು ಸೊಸೆಯಿಂದ ಒಪ್ಪದ ಮಾತನ್ನು ಅಲ್ಲಿ ಒಪ್ಪಿಕೊಂಡರು.

ಅಲ್ಲಿಂದ ಸೋಮವಾರಪೇಟೆ. ಅಲ್ಲಿಯ ಹುಡುಗ ಎಸ್.ವಿ. ಸುನಿಲ್ 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು. ಹಾಗಾಗಿ ಹಾಕಿ ಸಾಮಾನು ಕೇಳಿದರೆ ಆ ಊರಿನಲ್ಲಿ ಯಾರೂ ಮುಖ ಮುಖ ನೋಡುವುದಿಲ್ಲ. ಅಂಗಡಿಯಲ್ಲಿ ಕೋಲುಗಳಿದ್ದವು, ಚೆಂಡುಗಳಿದ್ದವು, ಮೊಣಕಾಲ ಕೆಳಗೆ ಕಟ್ಟುವ ಶಿನ್‌ಗಾರ್ಡ್‌ಗಳಿದ್ದವು. ಗೋಲ್‌ಕೀಪರ್ ಸೆಟ್ ಇರಲಿಲ್ಲ. ‘ವರ್ಷಕ್ಕೆ ಒಂದು ಹೋದರೆ ಹೆಚ್ಚು. ತರಿಸಿ ಇಟ್ಟರೆ ಬಂಡವಾಳ ಅಲ್ಲೇ ಕೂರುತ್ತದೆ. ಮೊಬೈಲಿನಲ್ಲಿ ತರಿಸಿಕೊಳ್ಳಬೇಡಿ, ಕಾಲಿನ ಅಳತೆ ನೋಡದೆ ಪ್ಯಾಡು ಕೊಳ್ಳಬಾರದು. ಮಡಿಕೇರಿಗೆ ಹೋಗಿ, ಮಗೂನ ಕರಕೊಂಡೇ ಹೋಗಿ’ ಎಂದು ಅಂಗಡಿಯವರು ತಮ್ಮ ಪರಿಚಯದ ಇನ್ನೊಂದು ಅಂಗಡಿಯ ಗುರುತು ಹೇಳಿದರು. ಬಂದ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ವ್ಯಾಪಾರಿಗಳು ಇನ್ನೂ ಇದ್ದಾರೆ ಎಂಬುದೇ ಒಂದು ಸಮಾಧಾನ.

ಮಡಿಕೇರಿಯ ಅಂಗಡಿಯವರು ತಾವೂ ಆಡಿದವರು. ಮೊದಲು ಕೇಳಿದ್ದು ಬಜೆಟ್ ಎಷ್ಟು ಎಂದಲ್ಲ. ‘ನಿಮ್ಮ ತಂಡದಲ್ಲಿ ಕಾರ್ಬನ್ ಕೋಲು ಎಷ್ಟು ಜನರ ಹತ್ತಿರ ಇದೆ? ಎದುರು ತಂಡದಲ್ಲಿ ಎಷ್ಟು ಇರಬಹುದು?’ ಎಂದು ಕೇಳಿದರು. ಆಮೇಲೆ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಪಾದದಿಂದ ಮೊಣಕಾಲಿನ ನಡುವಿಗೆ, ಅಲ್ಲಿಂದ ತೊಡೆಗೆ ಟೇಪು ಹಿಡಿದರು.

ಗೋಡೆಯ ತುಂಬ ತೂಗುಹಾಕಿದ್ದ ಸಾಮಾನು ನೋಡುತ್ತಿದ್ದ ಹುಡುಗಿ, ‘ಅಂಕಲ್, ನಿಮ್ಮಲ್ಲಿ ಸ್ಕೀ ಸಿಗುತ್ತಾ?’ ಎಂದಳು. ಅವಳ ಬೀರುವಿನ ಬಾಗಿಲಿಗೆ ಭವಾನಿ ತೆಕ್ಕಡ ನಂಜುಂಡ ಅವರ ಚಿತ್ರ ಅಂಟಿಸಿದ್ದಾಳೆ. ಕೊಡಗಿನ ಈ ಹೆಣ್ಣುಮಗಳು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದವರು.

ಅಂಗಡಿಯವರು ನಕ್ಕರು. ‘ನಮ್ಮಲ್ಲಿ ಕೊಡೆ ಇದೆ, ರೈನ್‌ಕೋಟು ಇದೆ. ಹಿಮದ ಸಾಮಾನು ಇಡಲು ಮೊದಲು ಮಡಿಕೇರಿಯಲ್ಲಿ ಹಿಮ ಬೀಳಬೇಕಲ್ಲಮ್ಮಾ’ ಎಂದರು.

ನಗುವಿನ ಮಾತೇ ಆದರೂ ಆ ಹಿಮದ ಆಟದ ಸಾಮಾನಿಗೂ ಸುಬೇದಾರರ ಪ್ಯಾಡಿಗೂ ಒಂದು ಹೋಲಿಕೆಯಿದೆ. ನಾರ್ವೆ, ಸ್ವೀಡನ್‌ನಂಥ ದೇಶಗಳಲ್ಲಿ ಅಟ್ಟದಲ್ಲಿ ಸಿಗುವುದು ಅಜ್ಜನ ಮರದ ಸ್ಕೀಗಳು. ಅಡಿಗೆ ಪೈನ್ ಮರದ ಟಾರು ಬಳಿದು ಜೋಪಾನ ಮಾಡಿದ, ಆಳೆತ್ತರ ಮೀರಿದ ಹಲಗೆಗಳು. 1974ರ ಫಾಲುನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾರ್ವೆಯ ಮಾಗ್ನೆ ಮಿರ್ಮೊ ಗೆದ್ದದ್ದೇ ಕೊನೆ, ಆಮೇಲೆ ಮರದ ಸ್ಕೀ ತೊಟ್ಟು ಯಾರೂ ವಿಶ್ವ ಚಾಂಪಿಯನ್ ಆಗಲಿಲ್ಲ. ಅಲ್ಲಿಗೂ ಗಾಜಿನ ನಾರು ಬಂತು. ಈಗ ಮೊಮ್ಮಗ ಬೂಟು ಮಾತ್ರ ಹೊಸದು ಕೊಳ್ಳುತ್ತೇನೆಂದರೆ ಆಗುವುದಿಲ್ಲ. ಹಳೆಯ ಸ್ಕೀಗಳ ಮೇಲೆ ಬೂಟಿನ ಮುಂದಿನ ನಾಲಗೆಯನ್ನು ಮೂರು ಮೊಳೆಗಳಿಗೆ ಕೂರಿಸಿ ಬಿಗಿಯುವ ಹಿಡಿ ಇರುತ್ತದೆ. ಈಗಿನ ಬೂಟಿನ ತುದಿಯಡಿ ಇರುವುದು ಕಬ್ಬಿಣದ ಸಣ್ಣ ಕಂಬಿ. ಒಂದಕ್ಕೊಂದು ಕೂರದು. ಬೂಟು ಬದಲಿಸಿದರೆ ಹಿಡಿ ಬದಲಿಸಬೇಕು, ಹಿಡಿ ಬದಲಿಸುವಾಗ ಹಳೆಯ ಹಲಗೆಗೆ ಹೊಸ ತೂತು ಕೊರೆಯುವುದು ಬೇಕೇ ಎಂದು ಯೋಚಿಸಬೇಕು. ಅಲ್ಲಿಯೂ ಊರಿನ ಅಂಗಡಿಯವನೇ ಗತಿ. ಗಿರಾಕಿಯನ್ನು ನೆಲದ ಮೇಲೆ ಸ್ಕೀ ತೊಡಿಸಿ ನಿಲ್ಲಿಸಿ, ಪಾದದ ಕೆಳಗೆ ಒಂದು ಕಾಗದ ತೂರಿಸುತ್ತಾನೆ. ಎರಡು ಕಾಲಿನ ಮೇಲೆ ನಿಂತಾಗ ಕಾಗದ ಸರಿದಾಡಬೇಕು, ಒಂದೇ ಕಾಲಿನ ಮೇಲೆ ಭಾರ ಹಾಕಿದಾಗ ಸಿಕ್ಕಿಕೊಳ್ಳಬೇಕು. ಹಾಗಾದರೆ ಆ ಹಲಗೆಯ ಬಾಗು ಆ ಮನುಷ್ಯನ ತೂಕಕ್ಕೆ ಸರಿ. ಚಿತ್ರ ನೋಡಿ ತರಿಸಿದ ಸಾಮಾನು ಈ ಪರೀಕ್ಷೆ ಕೊಡಲಾರದು.

ಆಟದ ಸಾಮಾನು ಎಂದರೆ ಬಿಡಿ ವಸ್ತುಗಳಲ್ಲ, ಒಂದಕ್ಕೊಂದು ನಂಟಿರುವ ಸಂಸಾರ. ಕೋಲು ಬದಲಾದ ದಿನವೇ ಪ್ಯಾಡು ಹಳತಾಗಿತ್ತು. ಅಟ್ಟದಲ್ಲಿದ್ದ ಪ್ಯಾಡಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಮಡಿಕೇರಿಯ ಅಂಗಡಿಯವರು ಮೇಲಿನ ಕಪಾಟಿನಿಂದ ಒಂದು ದೊಡ್ಡ ಚೀಲ ಇಳಿಸಿದರು. ಬೆಂಗಳೂರಿಗೆ ಓದಲು ಹೋದ ಹುಡುಗಿಯೊಬ್ಬಳು ಮಾರಾಟಕ್ಕೆ ಬಿಟ್ಟುಹೋದ ಸೆಟ್. ಕಾಲಿಗೆ ದಪ್ಪ ಫೋಮಿನ ಪ್ಯಾಡು, ಪಾದಕ್ಕೆ ಕಿಕ್ಕರು, ಎದೆಗೆ ಕವಚ, ಎರಡು ಕೈಗೆ ಎರಡು ಬಗೆಯ ಗ್ಲೌಸು. ‘ಇವು ಹಳತಾದರೂ ನಡೆಯುತ್ತವೆ, ಫೋಮು ಒತ್ತಿದರೆ ಮತ್ತೆ ಏಳುತ್ತದೆ ನೋಡಿ. ಆದರೆ ಹೆಲ್ಮೆಟ್ಟೂ ಕುತ್ತಿಗೆ ಪಟ್ಟಿಯೂ ಹೊಸದೇ ಆಗಬೇಕು. ಹೆಲ್ಮೆಟ್ಟಿನಲ್ಲಿ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿ ಉಳಿತಾಯ ಮಾಡಬೇಡಿ’ ಎಂದರು.

ಫೋಮು ಕೆಲಸ ಮಾಡುವ ಬಗೆ ಸರಳ. ಬೆತ್ತಕ್ಕೆ ಬಿದ್ದ ಪೆಟ್ಟು ಒಂದೆರಡು ಕಡ್ಡಿಗಳ ಮೂಲಕ ನೇರ ಮೂಳೆಗೆ ಮುಟ್ಟುತ್ತದೆ. ಫೋಮು ಒಳಗೆ ಕುಗ್ಗಿ, ಚೆಂಡು ನಿಲ್ಲುವ ಕಾಲವನ್ನು ಒಂದಿಷ್ಟು ಹಿಗ್ಗಿಸಿ, ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಹಿಡಿಯುವಾಗ ಕೈ ಹಿಂದಕ್ಕೆ ತೆಗೆದುಕೊಂಡರೆ ಅಂಗೈ ಉರಿಯದಲ್ಲ, ಅದೇ ಗುಟ್ಟು. ಹತ್ತಿಯ ಹಾಗೆ ಅದು ನೀರನ್ನೂ ಕುಡಿಯುವುದಿಲ್ಲ, ಮಳೆನಾಡಿಗೆ ಇದು ಸಣ್ಣ ವಿಷಯವಲ್ಲ.

ಸುಬೇದಾರರು ಹೊಸ ಕೋಲಿಗೂ ಕೈ ಹಾಕಿದರು. ಕೈಯಲ್ಲಿದ್ದ ದುಡ್ಡು ಕಾಫಿ ಮಾರಿದ್ದು, ಮೊಮ್ಮಗಳಿಗೆ ಎಲ್ಲವೂ ಹೊಸದೇ ಇರಲಿ ಎಂಬ ಹಟ ಈಗ. ಅಂಗಡಿಯವರೇ ತಡೆದರು. ಚೀಲದಲ್ಲಿ ತಂದಿದ್ದ ಮರದ ಕೋಲನ್ನು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ ಕಿವಿಗೊಟ್ಟು ಕೇಳಿದರು. ಎಲ್ಲಿಯೂ ಸದ್ದು ಒಡೆದಿರಲಿಲ್ಲ. ‘ಕೀಪರ್ ಕೋಲು ಹೊಡೆಯಲಿಕ್ಕಲ್ಲ, ತಡೆಯಲಿಕ್ಕೆ. ಇದು ಸಾಕು. ಉದ್ದವೂ ಮಗುವಿನ ಸೊಂಟಕ್ಕೆ ಸರಿಯಿದೆ’ ಎಂದು ಹಳೆಯ ಬಟ್ಟೆ ಬಿಚ್ಚಿ ಹೊಸ ಗ್ರಿಪ್ ಸುತ್ತಿಕೊಟ್ಟರು. ಏನು ಬದಲಿಸಬೇಕು ಎಂದು ಹೇಳುವವರು ಊರಿಗೆ ಹತ್ತು ಮಂದಿ. ಏನು ಬದಲಿಸಬೇಕಾಗಿಲ್ಲ ಎಂದು ಹೇಳುವ ಅಂಗಡಿಯವರು ಸಿಗುವುದು ಅದೃಷ್ಟ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸಾಮಾನು ಬದಲಾದ ಮೇಲೆ ವಿದ್ಯೆಯೂ ಒಂದಷ್ಟು ಬದಲಾಗಬೇಕಾಯಿತು. ಹಳೆಯ ಪ್ಯಾಡಿಗೆ ಬಡಿದ ಚೆಂಡು ಸತ್ತಂತೆ ಕಾಲ ಬಳಿಯೇ ಬೀಳುತ್ತಿತ್ತು. ‘ಮೊದಲು ನಿಲ್ಲಿಸು, ಆಮೇಲೆ ಒದೆ’ ಎಂಬುದು ಸುಬೇದಾರರು ಕಲಿತ ಪಾಠ, ಕಲಿಸಿದ ಪಾಠವೂ ಹೌದು. ಫೋಮಿಗೆ ಬಡಿದ ಚೆಂಡು ಹಾರಿ ಹತ್ತಡಿ ದೂರ ಹೋಗುತ್ತದೆ, ನಿಲ್ಲಿಸುವ ಮಾತೇ ಇಲ್ಲ. ತಡೆಯುವಾಗಲೇ ಯಾವ ಕಡೆಗೆ ಚಿಮ್ಮಿಸಬೇಕೆಂದು ಕಾಲು ತಿರುಗಿಸಿರಬೇಕು. ಮೊದಲ ಎರಡು ದಿನ ಚೆಂಡು ಎದುರಾಳಿಗಳ ಕಾಲಿಗೇ ಹೋಗಿ ಬೀಳುತ್ತಿತ್ತು. ಅಂಗಳದಂಚಿನಲ್ಲಿ ಕುರ್ಚಿ ಹಾಕಿ ಕೂತಿದ್ದ ಸುಬೇದಾರರು ಮೂರನೆಯ ದಿನ ಮಾತು ನಿಲ್ಲಿಸಿದರು. ಐವತ್ತು ವರ್ಷದ ವಿದ್ಯೆಯೂ ಗೋಣಿಚೀಲಕ್ಕೆ ಸೇರಿತೇನೋ ಎಂಬ ಬೇಸರ ಅವರ ಮುಖದಲ್ಲಿ ಕಾಣುತ್ತಿತ್ತು.

ನಾಲ್ಕನೆಯ ದಿನ ಅವರು ಎದ್ದು ಮೈದಾನಕ್ಕಿಳಿದು ಒಂದು ಹಗ್ಗ ತರಿಸಿದರು. ಹಗ್ಗದ ಎರಡು ತುದಿಗಳನ್ನು ಎರಡು ಗೋಲುಕಂಬಗಳಿಗೆ ಕಟ್ಟಿ, ನಡುವನ್ನು ಎಳೆದು ಚೆಂಡಿರುವಲ್ಲಿ ಗೂಟ ಹೊಡೆದು ಸಿಕ್ಕಿಸಿದರು. ನೆಲದ ಮೇಲೆ ದೊಡ್ಡ ತ್ರಿಕೋನ ಬಿತ್ತು. ‘ಗೋಲಿನ ಗೆರೆಯ ಮೇಲೆ ನಿಂತರೆ ನೀನು ಕಾಯಬೇಕಾದ್ದು ಎಷ್ಟು?’ ಗೋಲಿನ ಅಗಲ 3.66 ಮೀಟರ್. ‘ಈಗ ಚೆಂಡಿನ ಕಡೆಗೆ ಅರ್ಧ ದಾರಿ ಮುಂದೆ ಬಾ. ಹಗ್ಗದ ನಡುವೆ ಎಷ್ಟಿದೆ ನೋಡು.’ ಅರ್ಧಕ್ಕರ್ಧ, 1.83 ಮೀಟರ್. ಕೈಕಾಲು ಚಾಚಿದರೆ ಮುಗಿಯಿತು.

ಈ ತ್ರಿಕೋನ ಬೆತ್ತದ ಕಾಲದಲ್ಲೂ ಇತ್ತು, ಫೋಮಿನ ಕಾಲದಲ್ಲೂ ಇದೆ. ಕೊಡಗಿನವರೇ ಆದ ಎ.ಬಿ. ಸುಬ್ಬಯ್ಯ ತೊಂಬತ್ತರ ದಶಕದಲ್ಲಿ ಭಾರತದ ಗೋಲು ಕಾದದ್ದೂ ಇದೇ ತ್ರಿಕೋನದೊಳಗೆ. ಯಾವಾಗ ಮುಂದೆ ನುಗ್ಗಬೇಕು, ಯಾವಾಗ ನಿಲ್ಲಬೇಕು, ಹೊಡೆಯುವವನ ಭುಜ ಯಾವ ಕಡೆಗೆ ತಿರುಗಿದರೆ ಚೆಂಡು ಎತ್ತ ಬರುತ್ತದೆ ಎಂಬುದು ಯಾವ ಅಂಗಡಿಯಲ್ಲೂ ಸಿಗದ ಸಾಮಾನು. ಅದು ತಾತನ ಹತ್ತಿರ ಬೇಕಾದಷ್ಟಿತ್ತು, ಅಟ್ಟದ ತೇವವೂ ಅದನ್ನು ಮುಟ್ಟಿರಲಿಲ್ಲ.

ಹುಡುಗಿಯ ತಾಯಿ ಹೊಸ ಹೆಲ್ಮೆಟ್ಟನ್ನು ತಮ್ಮ ತಲೆಗೇ ಹಾಕಿ, ಗಂಡನಿಗೆ ಹೇಳಿ ಚೆಂಡಿನಿಂದ ಕುಟ್ಟಿಸಿ ನೋಡಿದ ಮೇಲೆ ಅಪ್ಪಣೆ ಕೊಟ್ಟರು.

ಏಪ್ರಿಲ್‌ನಲ್ಲಿ ತಂಡ ಆಡಿತು. ಮೊದಲ ಸುತ್ತಿನಲ್ಲಿಯೇ ಎರಡು ಗೋಲಿಗೆ ಒಂದು ಗೋಲಿನಿಂದ ಸೋತಿತು. ಹುಡುಗಿ ಎರಡನ್ನು ಬಿಟ್ಟಳು, ಏಳನ್ನು ತಡೆದಳು. ಎಣಿಸಿದ್ದು ಅವಳ ತಾಯಿ. ಸೋತವರಿಗೆ ಊಟ ಕಡಿಮೆ ಬಡಿಸುವ ಪದ್ಧತಿ ಕೊಡಗಿನಲ್ಲಿಲ್ಲ. ಬೆಂಗಳೂರು, ಮೈಸೂರುಗಳಿಂದ ಬಂದವರೆಲ್ಲ ಸಂಜೆ ಮಾದಾಪುರದ ಮನೆಯಲ್ಲಿ ಸೇರಿದರು. 2018ರ ನಂತರ ಅಷ್ಟು ಜನ ಆ ಮನೆಯ ಜಗಲಿಯಲ್ಲಿ ಒಟ್ಟಿಗೆ ಕೂತದ್ದು ಅದೇ ಮೊದಲು. ಮುಂದಿನ ವರ್ಷದ ತಂಡದ ಪಟ್ಟಿ ಅಲ್ಲಿಯೇ ಬರೆದದ್ದಾಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಹುಡುಗಿ ತಾಯಿಯ ಭುಜ ಮೀರಿ ಬೆಳೆದಳು. ಪ್ಯಾಡು ಮೊಣಕಾಲಿನಿಂದ ಕೆಳಗೆ ಇಳಿಯಿತು. ಈ ಸಲ ಯಾರೂ ಏಣಿ ಇಡಲಿಲ್ಲ, ಅಟ್ಟದ ಮಾತೂ ಎತ್ತಲಿಲ್ಲ. ಫೋಮನ್ನು ಸೋಪಿನ ನೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ, ಸಡಿಲವಾದ ಒಂದು ಪಟ್ಟಿಯನ್ನು ಮಾದಾಪುರ ಪೇಟೆಯಲ್ಲಿ ಚಪ್ಪಲಿ ಹೊಲಿಯುವವರಿಂದ ಸರಿ ಮಾಡಿಸಿ, ತಾತ ಮೊಮ್ಮಗಳು ಬಸ್ಸು ಹತ್ತಿ ಮಡಿಕೇರಿಯ ಅದೇ ಅಂಗಡಿಗೆ ಒಯ್ದು ಕೊಟ್ಟರು. ಅಂಗಡಿಯವರು ಅದನ್ನು ಮೇಲಿನ ಕಪಾಟಿಗೆ ಏರಿಸಿ, ಚೀಲಕ್ಕೆ ಒಂದು ಚೀಟಿ ಕಟ್ಟಿದರು. ಅದರಲ್ಲಿ ಬೆಲೆ ಇರಲಿಲ್ಲ. ಯಾವ ಎತ್ತರದ ಮಗುವಿಗೆ ಸರಿಹೋಗುತ್ತದೆ ಎಂದಷ್ಟೇ ಬರೆದಿತ್ತು.